ಗ್ಯಾಡ್ ಅಕ್ಕತಂಗಿಯರ ರೆಕಾರ್ಡು

ಡೆಸ್ ಕೆಟಲ್‌ವೆಲ್‌ನನ್ನು ಕಂಡರೆ ಲೋರ್ನಾ ಪೈಬಸ್‌ಗೆ ಮೈ ಉರಿಯುತ್ತಿತ್ತು. ಆದರೂ ಭಾನುವಾರ ಮಧ್ಯಾಹ್ನವಾಯಿತೆಂದರೆ ಬರ್ನಿ ಊರಿನ ಬೌಲ್ಸ್ ಆಟದ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಅವನಿಂದ ಎರಡು ಕುರ್ಚಿ ಆಚೆ ಕೂತಿರುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಟಾಸ್ಮೇನಿಯಾದ ಆ ಕಡಲತಡಿಯಲ್ಲಿ ಒಂದು ಆಲ್ಬಮ್ಮನ್ನು ಬಾಯಿ ಮುಚ್ಚಿಕೊಂಡು ಕೇಳಬಲ್ಲ ಜನ ಇದ್ದದ್ದು ಆ ಕೋಣೆಯಲ್ಲಿ ಮಾತ್ರ.

ಕೂಟದ ಪದ್ಧತಿ ಸರಳ. ಬಂದವರು ತಮಗೆ ಸಿಕ್ಕಿದ ಆಲ್ಬಮ್ ತರಬೇಕು, ರೆಕಾರ್ಡಿನ ಒಂದು ಮಗ್ಗುಲು ಹಾಕಿ ಕೇಳಿಸಬೇಕು. ಪ್ಲೇಯರಿನ ಮುಳ್ಳು ಮೇಲೇಳುವ ತನಕ ಯಾರೂ ಉಸಿರೆತ್ತಬಾರದು. ಆಮೇಲೆ ಜಗಳ. ಇಷ್ಟವಾದದ್ದನ್ನು ಮುಂದಿನ ಭಾನುವಾರದವರೆಗೆ ಎರವಲು ಒಯ್ಯಬಹುದು. ಪ್ಲೇಯರ್ ಡೆಸ್‌ನದು, ಸ್ಪೀಕರ್ ಡೆಸ್‌ನದು, ಕೋಣೆಯ ಬೀಗದ ಕೈ ಕೂಡ ಅವನದೇ. ಊರಿನಲ್ಲಿ ಅವನಿಗೊಂದು ಹಾರ್ಡ್‌ವೇರ್ ಅಂಗಡಿ ಇತ್ತು, ಮೊಳೆ ತೂಗುವ ಹಾಗೆಯೇ ಹಾಡನ್ನೂ ತೂಗಿ ಇದು ಇಷ್ಟೇ ಎಂದುಬಿಡುತ್ತಿದ್ದ.

ಲೋರ್ನಾ ಬಂದರಿನ ಹತ್ತಿರದ ಮೀನಂಗಡಿಯಲ್ಲಿ ಕರಿಯುವ ಕೆಲಸಕ್ಕಿದ್ದಳು. ಗಂಡ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಹೋಗುವಾಗ ಅವನು ಟಿವಿ ಒಯ್ದಿದ್ದ, ರೆಕಾರ್ಡುಗಳನ್ನು ಬಿಟ್ಟಿದ್ದ. ಅವಳಿಗೆ ಅದು ಒಳ್ಳೆಯ ಹಂಚಿಕೆಯಂತೆ ಕಂಡಿತ್ತು. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಅವಳ ಕೂದಲಿನಿಂದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಡೆಸ್ ಅದನ್ನು ಮರೆಯಲು ಬಿಡುತ್ತಲೂ ಇರಲಿಲ್ಲ.

"ಕೈ ತೊಳ್ಕೊಂಡ್ ಬಂದ್ಯಾ ಲೋರ್ನಾ? ಮೊನ್ನೆ ನೀನು ವಾಪಸ್ ಕೊಟ್ಟ ರೆಕಾರ್ಡ್ ತಟ್ಟೇಲಿ ಮೀನು ಈಜ್ತಿತ್ತು."

"ನಿನ್ ತಟ್ಟೇಲಿ ಇನ್ನೇನೂ ಇರ್ಲಿಲ್ಲ ಬಿಡು. ಮೀನಾದ್ರೂ ಇರ್ಲಿ ಅಂತ ಬಿಟ್ಟೆ," ಎನ್ನುತ್ತಿದ್ದಳು ಅವಳು.

ಗ್ಯಾಡ್ ಅಕ್ಕತಂಗಿಯರ ರೆಕಾರ್ಡು ಅವಳಿಗೆ ಸಿಕ್ಕಿದ್ದು ಪೆಂಗ್ವಿನ್ ಊರಿನ ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ, ಹೆಣಿಗೆ ಪುಸ್ತಕಗಳ ಡಬ್ಬಿಯ ತಳದಲ್ಲಿ. ಹೊದಿಕೆಯ ರಟ್ಟಿನ ಮೇಲೆ ಆಲೂಗಡ್ಡೆ ಹೊಲದ ನಡುವೆ ನಿಂತ ಇಬ್ಬರು ಹುಡುಗಿಯರ ಪಟ. ದೊಡ್ಡವಳು ಐರಿಸ್, ಚಿಕ್ಕವಳು ಮಿರ್ಟಲ್. ಹಿಂಬದಿಯಲ್ಲಿ ಹಾಡನ್ನು ರೆಕಾರ್ಡ್ ಮಾಡಿದ, ಸ್ಟ್ಯಾನ್ಲಿ ಊರಿನ ಒಂದು ಸಭಾಭವನದ ಹೆಸರು, ಅಷ್ಟೆ. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಹಾಕಿದಳು. ಒಂದು ತಗ್ಗಿನ ದನಿ, ಒಂದು ಏರುದನಿ, ಹಿಂದೆ ಒಂದು ಗಿಟಾರು. ಎರಡನೇ ಮಗ್ಗುಲಿನ ಕೊನೆಯ ಹಾಡಿನಲ್ಲಿ ಏರುದನಿ ಸಾಲಿನ ನಡುವೆಯೇ ನಿಂತುಹೋಗುತ್ತದೆ. ತಗ್ಗಿನ ದನಿ ಒಂದು ಕ್ಷಣ ತಡವರಿಸಿ, ಒಂಟಿಯಾಗಿ ಹಾಡನ್ನು ದಡ ಮುಟ್ಟಿಸುತ್ತದೆ. ಲೋರ್ನಾ ಆ ವಾರವೆಲ್ಲ ಆ ಒಂದು ಜಾಗಕ್ಕಾಗಿ ಕೆಲಸದಿಂದ ಮನೆಗೆ ಓಡಿಬರುತ್ತಿದ್ದಳು.

ಭಾನುವಾರ ಅದನ್ನು ಕೂಟದಲ್ಲಿ ಹಾಕಿದಾಗ ಮುಳ್ಳು ಮೇಲೆದ್ದ ಮೇಲೂ ಯಾರೂ ಜಗಳ ಆರಂಭಿಸಲಿಲ್ಲ. ಡೆಸ್ ಕನ್ನಡಕ ತೆಗೆದು ಒರೆಸಿಕೊಂಡ. "ಇದನ್ನ ಒಯ್ತೀನಿ," ಎಂದ. ಅವನಿಂದ ಒಂದು ಕುಚೋದ್ಯವೂ ಬಾರದ್ದು ನೋಡಿ ಅವಳು ಗೆದ್ದೆ ಅಂದುಕೊಂಡಳು, ಕೊಟ್ಟಳು.

ಮುಂದಿನ ಭಾನುವಾರ ಡೆಸ್ ಅದನ್ನು ತರಲಿಲ್ಲ. ಅದರ ಮುಂದಿನ ವಾರ ಮರೆತೆ ಎಂದ. ಆಮೇಲೆ ಒಂದು ಶನಿವಾರ, ಮೀನಂಗಡಿ ತುಂಬ ಗಿರಾಕಿಗಳಿದ್ದಾಗ, ಕಪಾಟಿನ ಮೇಲಿನ ರೇಡಿಯೋದಲ್ಲಿ ಮಿರ್ಟಲ್ ಗ್ಯಾಡ್‌ಳ ಏರುದನಿ ಬಂತು. ಹಿಂದೆಯೇ ಡೆಸ್‌ನ ದನಿ. "ನಾನು ಕೈಗೆತ್ತಿಕೊಳ್ಳುವವರೆಗೆ ಈ ಆಲ್ಬಮ್ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ," ಎಂದು ಅವನು ನಿಧಾನವಾಗಿ ಹೇಳುತ್ತಿದ್ದ. ಮೆಲ್ಬರ್ನಿನ ಒಬ್ಬರು ಇದನ್ನು ಹೊಸದಾಗಿ ಅಚ್ಚು ಹಾಕಿಸಲಿದ್ದಾರಂತೆ. ಲೋರ್ನಾ ಎಣ್ಣೆಯಲ್ಲಿದ್ದ ಮೀನನ್ನು ನೋಡುತ್ತ ನಿಂತಳು. ಅದು ಕಪ್ಪಾಗುವ ತನಕ ಎತ್ತಲಿಲ್ಲ.

ಮರುದಿನ ಕೋಣೆಗೆ ಹೋಗಿ ಎಲ್ಲರ ಎದುರಿಗೇ ಕೇಳಿದಳು. "ನಿನ್ನ ಕೈಗೆ ಅದನ್ನ ಇಟ್ಟೋರು ಯಾರು ಡೆಸ್?"

"ಡಬ್ಬಿಯಿಂದ ಎತ್ಕೊಂಡ್ ಬಂದೋಳು ನೀನು," ಎಂದ ಅವನು ಶಾಂತವಾಗಿ. "ಅದೇನು ಅಂತ ತಿಳ್ಕೊಂಡೋನು ನಾನು. ಎರಡೂ ಒಂದೇ ಅಲ್ಲ."

ಲೋರ್ನಾ ಉಳಿದವರತ್ತ ತಿರುಗಿದಳು. ಅಥೋಲ್ ಬ್ರಂಬಿ, ರೈಲ್ವೆಯಿಂದ ನಿವೃತ್ತನಾದ ಸಾಧು ಮನುಷ್ಯ, ಬಿಸ್ಕತ್ತಿನ ತಟ್ಟೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದ. "ಹಾಡು ಚೆನ್ನಾಗಿದೆಯಲ್ಲ, ಬಿಡ್ರಪ್ಪ," ಎಂದ. ಬೀಗದ ಕೈ ಡೆಸ್‌ನ ಬಳಿ ಇತ್ತು. ಉಳಿದವರು ಬಿಸ್ಕತ್ತಿಗೆ ಕೈ ಹಾಕಿದರು.

ಆಗ ಅವಳ ತಲೆಗೆ ಬಂದದ್ದು ಹಾಡಿನ ಮೇಲಿನ ಪ್ರೀತಿಯಿಂದಲ್ಲ, ಹಟದಿಂದ. ಆ ಹೆಂಗಸರು ಬದುಕಿದ್ದರೆ ತಾನೇ ಮೊದಲು ಹುಡುಕಬೇಕು, ಅವರ ಬಾಯಿಂದಲೇ ತನ್ನ ಹೆಸರು ಹೇಳಿಸಬೇಕು. ರಜೆ ಹಾಕಿ ಕಾರು ತೆಗೆದಳು. ಸ್ಟ್ಯಾನ್ಲಿಯ ಅಂಚೆ ಕಚೇರಿಯಲ್ಲಿ ಕೇಳಿದ್ದೇ ತಡ, ಐರಿಸ್ ಗ್ಯಾಡ್ ಎಲ್ಲಿದ್ದಾಳೆಂದು ಹೇಳಿದರು. ಹೇಳಿದಾಕೆ ಒಂದು ಮಾತು ಸೇರಿಸಿದಳು: "ನಾಯಿ ಕಟ್ಟಿರಲ್ಲ."

ನಾಯಿ ಕಟ್ಟಿರಲಿಲ್ಲ. ಐರಿಸ್ ಗೇಟಿನ ಒಳಗೆ, ಲೋರ್ನಾ ಹೊರಗೆ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಗಮ್‌ಬೂಟು ತುಂಬ ಕೆಂಪು ಮಣ್ಣು. ದಾರಿಯುದ್ದಕ್ಕೂ ಹೆಣೆದುಕೊಂಡು ಬಂದ ಮಾತನ್ನು ಲೋರ್ನಾ ಒಂದೇ ಉಸಿರಿಗೆ ಹೇಳಿದಳು: ತಾನೇ ಅದನ್ನು ಹುಡುಕಿದ್ದು, ಇಂಥ ಹಾಡು ಕೇಳಿಯೇ ಇಲ್ಲ, ಅದರಲ್ಲೂ ಕೊನೆಯಲ್ಲಿ ತಂಗಿ ನಿಲ್ಲಿಸಿ ಅಕ್ಕ ಒಬ್ಬಳೇ ಹಾಡುವ ಜಾಗ, ಅಲ್ಲಿ ಮೈ ಜುಮ್ಮೆನ್ನುತ್ತದೆ.

ಐರಿಸ್ ಗೇಟಿನ ಅಗುಳಿಯ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ.

"ರೇಡಿಯೋದಲ್ಲಿ ಆ ಗಂಡಸೂ ಅದನ್ನೇ ಹೇಳ್ದ. ಎಂಥ ಜಾಗ ಅಂತೆ." ಅವಳ ದನಿ ರೆಕಾರ್ಡಿನಲ್ಲಿದ್ದಷ್ಟೇ ತಗ್ಗಿನದು. "ಮಿರ್ಟಲ್ ಹಾಡು ನಿಲ್ಸಿದ್ದಲ್ಲ ಕಣಮ್ಮ. ಅವಳಿಗೆ ಉಸಿರು ಸಿಗ್ಲಿಲ್ಲ. ಎದೆ ಕಾಯಿಲೆ. ಬಾಗ್ಲು ಹಿಡ್ಕೊಂಡು ಆಚೆ ಹೋದ್ಲು. ಗಿಟಾರು ಬಾರಿಸ್ತಿದ್ದ ಅಪ್ಪ ನನ್ನ ಕಡೆ ಕಣ್ಣು ಬಿಟ್ಟ, ನಿಲ್ಲಿಸ್ಬೇಡ ಅಂತ. ನಾನು ಹಾಡ್ದೆ. ಅವಳು ಹೊರಗೆ ಮೆಟ್ಟಿಲ ಮೇಲೆ ಕೆಮ್ತಾ ಇದ್ಲು, ನಾನು ಒಳಗೆ ಹಾಡ್ತಾ ಇದ್ದೆ. ಆ ವಸಂತ ಮುಗಿಯೋದ್ರೊಳಗೆ ಹೋಗ್ಬಿಟ್ಲು."

ಐರಿಸ್ ಹತ್ತಿರ ಬಂದ ನಾಯಿಯನ್ನು ಬೂಟಿನಿಂದ ಹಿಂದಕ್ಕೆ ತಳ್ಳಿದಳು.

"ಅಪ್ಪ ಸತ್ತ ಮೇಲೆ ಮನೆ ಮನೆಗೆ ಹೋಗಿ ಆ ತಟ್ಟೆಗಳನ್ನೆಲ್ಲ ವಾಪಸ್ ಇಸ್ಕೊಂಡೆ. ಬಂದರಿನ ಧಕ್ಕೆ ಮೇಲೆ ನಿಂತು ಸಮುದ್ರಕ್ಕೆ ಎಸೆದೆ. ನಿನ್ನದೊಂದು ತಪ್ಪಿಸ್ಕೊಂಡಿದೆ. ತಂದ್ಕೊಡು. ಕೊಡಕ್ಕಾಗ್ದೆ ಇದ್ರೆ ಇನ್ನೊಂದ್ಸಲ ಈ ಗೇಟ್ ಹತ್ರ ಬರ್ಬೇಡ."

ಲೋರ್ನಾ ಊರಿಗೆ ಮರಳಿದವಳೇ ನೇರ ಡೆಸ್‌ನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವನು ಕೊನೆವರೆಗೆ ಕೇಳಿಸಿಕೊಂಡ.

"ಪಾಪ ಅನ್ಸುತ್ತೆ," ಎಂದ. "ಆದ್ರೆ ಯೋಚ್ನೆ ಮಾಡು. ಆ ಮುದುಕಿಯೂ ಹೋದ ಮೇಲೆ ಮಿರ್ಟಲ್ ಅನ್ನೋಳು ಇದ್ಲು ಅಂತ ಹೇಳೋಕೆ ಏನುಳಿಯುತ್ತೆ? ಇದೊಂದೇ. ನೀನು ಅದನ್ನೂ ನೀರಿಗೆ ಹಾಕು ಅಂತೀಯ."

ಅವನ ಮಾತು ಸರಿಯಿರಬಹುದು ಎಂದು ಲೋರ್ನಾಗೆ ಅನ್ನಿಸಿದ್ದರಿಂದಲೇ ಅವನ ಮೇಲಿನ ಸಿಟ್ಟು ಇಮ್ಮಡಿಯಾಯಿತು. "ಅದು ನಿನ್ನದಲ್ಲ," ಎಂದಷ್ಟೇ ಹೇಳಿದಳು.

"ನಿನ್ನದೂ ಅಲ್ಲ ಅಂತ ಈಗ ತಾನೇ ಹೇಳಿದ್ಯಲ್ಲ ಮಾರಾಯ್ತಿ."

ಆ ಭಾನುವಾರ ಕೋಣೆ ಕಿಕ್ಕಿರಿದಿತ್ತು. ರೇಡಿಯೋ ಕೇಳಿದ ಹೊಸಬರೂ ಬಂದಿದ್ದರು. ಡೆಸ್ ಒಂದು ಪುಟ್ಟ ಭಾಷಣ ಮಾಡಿ ಎರಡನೇ ಮಗ್ಗುಲು ಹಾಕಿದ. ಲೋರ್ನಾ ಬಾಗಿಲ ಬಳಿ ನಿಂತು ಕೇಳಿದಳು. ಕೊನೆಯ ಹಾಡು ಬಂತು, ಏರುದನಿ ನಿಂತಿತು. ಇಷ್ಟು ದಿನ ಅಲ್ಲಿ ಮೌನವೆಂದು ಕೇಳಿದ್ದ ಕಡೆ ಈಗ ಅವಳಿಗೆ ಬಾಗಿಲೊಂದು ಮುಚ್ಚಿಕೊಳ್ಳುವ ಸಣ್ಣ ಸದ್ದು ಕೇಳಿಸಿತು. ಜನರ ಮಂಡಿಗಳನ್ನು ತಳ್ಳಿಕೊಂಡು ಹೋಗಿ ಮುಳ್ಳೆತ್ತಿದಳು, ತಟ್ಟೆ ತೆಗೆದಳು.

"ಏಯ್, ಇಡು ಅದನ್ನ," ಡೆಸ್ ಅವಳ ತೋಳು ಹಿಡಿದ.

"ಬಿಡು. ಬಿಡ್ಲಿಲ್ಲ ಅಂದ್ರೆ ಇಲ್ಲೇ ಮಂಡಿಗೆ ಹೊಡೆದು ಮುರೀತೀನಿ."

ಅವಳು ಮುರಿಯುವವಳೇ ಎಂದು ಅವನಿಗೆ ಗೊತ್ತಿತ್ತು. ಬಿಟ್ಟ. ರಟ್ಟಿನ ಹೊದಿಕೆ ಅವನ ಕೈಯಲ್ಲೇ ಉಳಿಯಿತು. "ಕಳ್ಳಿ," ಎಂದು ಯಾರೋ ಹಿಂದಿನಿಂದ ಅಂದರು. ಆ ದನಿ ಅಥೋಲ್‌ನದಿರಬಹುದೆಂದು ಅವಳಿಗೆ ಅನ್ನಿಸಿತು, ತಿರುಗಿ ನೋಡಲಿಲ್ಲ.

ತಟ್ಟೆಯನ್ನು ತನ್ನ ಕಾರ್ಡಿಗನ್ನಿನಲ್ಲಿ ಸುತ್ತಿ ಅಂದೇ ಸ್ಟ್ಯಾನ್ಲಿಗೆ ಒಯ್ದಳು. ಐರಿಸ್ ಗೇಟಿನ ಮೇಲಿಂದಲೇ ಇಸಿದುಕೊಂಡು, ಬಿಸಿಲಿಗೆ ಓರೆ ಮಾಡಿ ಗೆರೆಗಳನ್ನು ನೋಡಿದಳು. ಉಪಕಾರವಾಯಿತು ಎನ್ನಲಿಲ್ಲ.

"ಇದರ ಹೊದಿಕೆ ಎಲ್ಲಿ?"

"ಅವನ ಹತ್ರ ಉಳೀತು."

"ಮಿರ್ಟಲ್‌ದು ನನ್ನ ಹತ್ರ ಒಂದು ಪಟಾನೂ ಇಲ್ಲ," ಎಂದಳು ಐರಿಸ್. "ಸಿಟ್ಟಲ್ಲಿ ಎಲ್ಲಾ ತಟ್ಟೇನೂ ಹೊದಿಕೆ ಸಮೇತ ಎಸೆದುಬಿಟ್ಟಿದ್ದೆ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲೋರ್ನಾ ಕಾರಿನ ಗಾಜು ಇಳಿಸಿಕೊಂಡು ಸ್ವಲ್ಪ ಹೊತ್ತು ಕೂತಳು. ಮುರಿದ ಸದ್ದೂ ಬರಲಿಲ್ಲ, ಹಾಡೂ ಬರಲಿಲ್ಲ. ನಾಯಿ ಬಂದು ಟೈರಿನ ಮೇಲೆ ಉಚ್ಚೆ ಹೊಯ್ದು ಹೋಯಿತು.

ಡೆಸ್ ಆ ಹೊದಿಕೆಗೆ ಗಾಜು ಹಾಕಿಸಿ ಅಂಗಡಿಯ ಗಲ್ಲಾದ ಹಿಂದೆ ತೂಗುಹಾಕಿದ. ಲೋರ್ನಾ ಒಮ್ಮೆ, ತನಗಾಗಿ ಅಲ್ಲ ಎಂದು ಹೇಳಿ, ಅದನ್ನು ಬೇಡಿದಳು. ಅವಳು ಯಾರನ್ನೂ ಹಾಗೆ ಬೇಡಿದವಳಲ್ಲ.

"ತಟ್ಟೆ ತಂದುಕೊಡು, ಒಯ್ಯಿ. ಅದಿಲ್ದೆ ಮೆಲ್ಬರ್ನಿನೋರು ಅಚ್ಚು ಹಾಕಲ್ಲ ಅಂದ್ರು," ಎಂದ ಡೆಸ್. ಮೊಳೆ ಕೊಳ್ಳಲು ಬಂದವರ ಮುಂದೆಯೇ.

ಕೂಟಕ್ಕೆ ಹೋಗುವುದು ನಿಂತು ಭಾನುವಾರಗಳು ಬರಿದಾದವು. ಮನೆಯಲ್ಲಿ ಒಬ್ಬಳೇ ರೆಕಾರ್ಡು ಹಾಕುತ್ತಿದ್ದಳು. ಮುಳ್ಳು ಮೇಲೆದ್ದಾಗ ಬೈಯಲು ಯಾರೂ ಇಲ್ಲದೆ ಕೇಳಿದ ಹಾಡು ಒಳ್ಳೆಯದೋ ಅಲ್ಲವೋ ಎಂದು ಗೊತ್ತಾಗುತ್ತಿರಲಿಲ್ಲ. ಡೆಸ್‌ನ ಕೆಟ್ಟ ಮಾತಿಗಾಗಿ ಕಿವಿ ಕಾಯುತ್ತಿದೆ ಎಂದು ಅರಿವಾದ ದಿನ ಅವಳು ಪ್ಲೇಯರಿನ ಪ್ಲಗ್ ಕಿತ್ತಿಟ್ಟಳು. ಎರಡು ದಿನ ತಡೆದು ಮತ್ತೆ ಸಿಕ್ಕಿಸಿದಳು.

ಚಳಿಗಾಲ ಹಿಡಿದಾಗ ಅಥೋಲ್ ಬ್ರಂಬಿ ಮೀನಂಗಡಿಗೆ ಬಂದ. ಕೋಟಿನೊಳಗಿಂದ ಕಾಗದದಲ್ಲಿ ಸುತ್ತಿದ ಚೌಕನೆಯ ಒಂದು ವಸ್ತುವನ್ನು ತೆಗೆದು ಕಟ್ಟೆಯ ಮೇಲಿಟ್ಟ.

"ಇದನ್ನ ಕೇಳು. ನಿನಗೆ ಹಿಡಿಸುತ್ತೆ. ನಾನು ಕೊಟ್ಟೆ ಅಂತ ಡೆಸ್‌ಗೆ ಗೊತ್ತಾಗೋದು ಬೇಡ."

ಲೋರ್ನಾ ಅದನ್ನು ಮುಟ್ಟಲಿಲ್ಲ. ಎಣ್ಣೆಯಿಂದ ಚಿಪ್ಸ್ ಎತ್ತಿ ಜಾಲರಿಯಲ್ಲಿ ಕುಕ್ಕಿದಳು.

"ಆವತ್ತು ಕಳ್ಳಿ ಅಂದಿದ್ದು ನೀನಾ?"

ಅಥೋಲ್ ಉಪ್ಪಿನ ಡಬ್ಬಿ ನೋಡುತ್ತ ನಿಂತ. ಅಲ್ಲ ಎನ್ನಲಿಲ್ಲ.

"ಒಯ್ಯಿ ಇದನ್ನ," ಎಂದಳು ಅವಳು. "ಕೂಟದಲ್ಲಿ ಎಲ್ಲರ ಎದುರಿಗೆ, ಇದನ್ನ ಲೋರ್ನಾಗೆ ಕೊಡ್ತಾ ಇದೀನಿ ಅಂತ ಹೇಳು. ಹೇಳಿ ಬಂದು ಕೊಡು, ಆಗ ಕೇಳ್ತೀನಿ."

ಅವನು ಆಲ್ಬಮ್ಮನ್ನು ಮತ್ತೆ ಕೋಟಿನೊಳಗೆ ಸೇರಿಸಿಕೊಂಡು ಹೊರಟ. ಅವನ ಹಿಂದಿದ್ದ ಗಿರಾಕಿ ಮುಂದೆ ಬಂದು ಎರಡು ಮೀನು ಕೇಳಿದ. ಲೋರ್ನಾ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು.