ಸುಮ್ಮನೆ ಕೂರುವ ಕೆಲಸ

ನನ್ನ ಸೊಸೆಗೆ ಸರ್ಕಾರ ಸಂಬಳ ಕೊಡುತ್ತಿದ್ದದ್ದು ಸುಮ್ಮನೆ ಕೂರುವುದಕ್ಕೆ. ಹೀಗೆಂದರೆ ಪಕ್ಕದ ಮನೆಯಾಕೆ, "ನಮ್ಮ ಯಜಮಾನ್ರಿಗೂ ಕೊಡಿಸಿ, ಹುಟ್ಟಿದಾಗಿಂದ ಅಭ್ಯಾಸ ಇದೆ" ಎಂದು ನಗುತ್ತಿದ್ದಳು.

ಮೊದಲು ಅವಳು ಪಿಂಚಣಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಳು. ಬೈಯುವವರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಾಳೆಂದು ಮೇಲಿನವರ ಕಣ್ಣಿಗೆ ಬಿದ್ದಳು. ಅರ್ಜಿಗಳೆಲ್ಲ ಮೊಬೈಲಿಗೆ ಬರುತ್ತಿದ್ದ ಕಾಲ. ಅರ್ಜಿಯ ಹೊಸ ಪುಟ ಜನರಿಗೆ ತಿಳಿಯುತ್ತದೋ ಇಲ್ಲವೋ ನೋಡಲು ಅವಳನ್ನು ಮೂರನೇ ಮಹಡಿಗೆ ಕಳಿಸಿದರು. ಅಲ್ಲಿ ಜೊತೆಗೆ ಇಬ್ಬರು. ಪುಟದ ರೂಪ ಬಿಡಿಸುವ ಡಿಸೈನರ್, ಎಲ್ಲರ ಬಾಯಲ್ಲೂ ಗುಂಡ. ಅದನ್ನು ಕಂಪ್ಯೂಟರಿನಲ್ಲಿ ಕೂರಿಸುವ ಪ್ರೋಗ್ರಾಮರ್, ಮಾತು ಕಡಿಮೆಯ ಹೆಂಗಸು. ಮೂವರೂ ಒಂದೇ ಮೇಜಿನಲ್ಲಿ ಉಂಡು, ಜಗಳಾಡಿ, ಕೆಲಸ ಮಾಡುತ್ತಿದ್ದರು. ಇವಳು ಬೆಳಿಗ್ಗೆ ಕಂಡ ತಪ್ಪು ಸಂಜೆಗೆ ಸರಿಯಾಗಿರುತ್ತಿತ್ತು.

ಅವರ ಕೆಲಸಕ್ಕೊಂದು ಕಟ್ಟುಪಾಡು. ಪುಟ ಪರೀಕ್ಷಿಸಲೆಂದು ಕರೆಸಿಕೊಂಡ ಜನ ಅರ್ಜಿ ತುಂಬುವಾಗ ಇವಳು ಪಕ್ಕದಲ್ಲಿರಬೇಕು, ಆದರೆ ಏನನ್ನೂ ಹೇಳಿಕೊಡಬಾರದು. ಎಲ್ಲಿ ಎಡವುತ್ತಾರೆಂದು ತಿಳಿಯುವುದೇ ಹಾಗಂತೆ. ಆ ಚಾಳಿ ಮನೆಗೂ ಬಂತು. "ಉಪ್ಪು ಸಾಕೇನೇ?" ಎಂದು ಕೇಳಿದರೆ, "ನಿಮಗೇನನ್ಸುತ್ತೆ ಅತ್ತೆ?"

"ಸೌಟು ತಗೊಂಡು ನಿನ್ನ ತಲೆ ಮೇಲೊಂದು ಕೊಡೋಣ ಅನ್ಸುತ್ತೆ!"

ವಯಸ್ಸಾದವರ ಪಿಂಚಣಿಯ ಪುಟವೊಂದು ಅವಳ ನೆಮ್ಮದಿ ಕೆಡಿಸಿತ್ತು. ಸ್ವಲ್ಪ ತಡವಾದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಮುದುಕರಿಗೆ ತಡವಾಗದೆ ಇರುತ್ತದೆಯೇ? ಅದನ್ನು ಬುಡದಿಂದ ಸರಿಮಾಡಲು ಇನ್ನಷ್ಟು ದಿನ ಬೇಕಿತ್ತು, ಮೂವರೂ ಒಟ್ಟಿಗಿರಬೇಕಿತ್ತು. ಕಣ್ಣಾರೆ ಕಂಡರೆ ಅದಕ್ಕೆ ಒಪ್ಪಿಯಾರೆಂದು ದೊಡ್ಡ ಅಧಿಕಾರಿಯನ್ನು ಕರೆದರು. ಅವರು ಗುಂಡನ ಜೊತೆ ಪಕ್ಕದ ಕೋಣೆಯ ಟಿವಿಯಲ್ಲಿ ನೋಡುತ್ತ ಕೂತರು.

ಆ ದಿನ ಬಂದವರು ಒಬ್ಬ ಹಳೆಯ ಬಡಗಿ. ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಅಳಿಸಿಹೋಯಿತು. ಮತ್ತೆ ಬರೆದರು, ಮತ್ತೆ ಅಳಿಸಿತು. "ನಾನೇನೋ ಮುರಿದುಬಿಟ್ಟೆ ಕಣಮ್ಮಾ" ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಸೊಸೆ ತುಟಿ ಕಚ್ಚಿಕೊಂಡು ಕೂತಳು. ಟಿವಿಯಲ್ಲಿ ನೋಡುತ್ತಿದ್ದ ಗುಂಡನಿಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಬಂದವನೇ, "ಅಜ್ಜಾ, ಒಂದೊಂದು ಸಾಲು ಬರೆದಾಗ್ಲೂ ಈ ಮೂಲೇಲಿರೋ 'ಉಳಿಸಿ' ಒತ್ತಿ, ಅಷ್ಟೇ" ಎಂದುಬಿಟ್ಟ. ಬಡಗಿ ಅರ್ಜಿ ಮುಗಿಸಿ, ನಗುತ್ತ ಹೋದರು.

"ಆಯ್ತಲ್ಲ!" ಎಂದರು ಗುಂಡನ ಹಿಂದೆಯೇ ಬಂದಿದ್ದ ಅಧಿಕಾರಿ.

"ಇವರು ಹೇಳಿಕೊಟ್ಟಿದ್ದಕ್ಕೆ ಆಯ್ತು ಸರ್" ಎಂದಳು ಸೊಸೆ.

"ಒಂದು ಮಾತು ಹೇಳಿಕೊಟ್ರೆ ಮುಗಿಯೋದಕ್ಕೆ ಮೂರು ಜನ ಯಾಕಮ್ಮಾ? ಆ ಮಾತನ್ನೇ ಪುಟದ ಮೇಲೆ ಬರೆದುಬಿಡಿ."

ಬರೆದರು. ಪುಟ ಊರಿಗೆಲ್ಲ ತೆರೆಯಿತು. ಗುಂಡನನ್ನು ಒಂದು ಇಲಾಖೆಗೆ, ಪ್ರೋಗ್ರಾಮರನ್ನು ಇನ್ನೊಂದಕ್ಕೆ ಹಾಕಿದರು. ಸೊಸೆಯನ್ನು ದೂರು ಕೇಳುವ ಫೋನಿನ ಮುಂದೆ ಕೂರಿಸಿದರು.

ಆಮೇಲೊಂದು ಸಂಜೆ ಗುಂಡ ನಮ್ಮ ಮನೆಗೆ ಬಂದಿದ್ದ. ಕೊಟ್ಟ ಟೀ ಮುಟ್ಟದೆ, "ನೋಡಿಮ್ಮಾ, ಬೈದ್ರಾದ್ರೂ ಸಮಾಧಾನ ಆಗ್ತಿತ್ತು. ಇವ್ರು ಬೈಯೋದೂ ಇಲ್ಲ" ಎಂದ.

"ಏನಂತ ಬೈಲಿ? ಆ ಅಜ್ಜನಿಗೆ ಹೇಳಿಕೊಡೋ ಮಾತು ನಂಗೂ ನಾಲಿಗೆ ತುದೀಗೆ ಬಂದಿತ್ತು" ಎಂದಳು ಸೊಸೆ.

ಈಗ ದಿನವಿಡೀ ಮುದುಕರು ಫೋನ್ ಮಾಡುತ್ತಾರೆ. ಪುಟದ ಮೇಲಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುವುದಿಲ್ಲ. ಸಿಕ್ಕಿದವರಿಗೆ ಇವಳು ಹೇಳಿಕೊಡುತ್ತಾಳೆ. ಎಷ್ಟೋ ಜನಕ್ಕೆ ಲೈನೇ ಸಿಗುವುದಿಲ್ಲ. ಮೊನ್ನೆ ಒಬ್ಬ ಅಜ್ಜಿ, "ಎಲ್ರಿಗೂ ಹಿಂಗೇ ಆಗ್ತಿದ್ರೆ ಅದನ್ನ ರಿಪೇರಿ ಮಾಡೋರಿಗೆ ಒಂದ್ಮಾತು ಹೇಳ್ಬಾರ್ದಾ ತಾಯಿ?" ಎಂದರಂತೆ.

"ನೀನೇನಂದೆ?" ಎಂದು ಕೇಳಿದೆ.

"ಹೇಳ್ತೀನಿ ಅಂದೆ ಅತ್ತೆ."

ಯಾರಿಗೆ ಎಂದು ನಾನು ಕೇಳಲಿಲ್ಲ.