ದುಂಡಕ್ಷರವೂ ವೋಲ್ಟ್‌ಮೀಟರೂ
ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಹೈಸ್ಕೂಲಿನ ವಿಜ್ಞಾನ ಶಿಕ್ಷಕ ರಾವಸಾಹೇಬ ಮಾಸ್ತರರು ಪ್ರಯೋಗಶಾಲೆಯಲ್ಲಿ ವೋಲ್ಟ್‌ಮೀಟರಿನ ಗಾಜು ಒರೆಸುತ್ತಿರುತ್ತಾರೆ. ಊರಿಗೆ ಬರುವ ಚಿಮ್ಮಡದ ಬಸ್ಸು ತಡವಾದರೂ ಈ ವೇಳೆ ತಪ್ಪುವುದಿಲ್ಲ. ಏಕಮಾನವಿಲ್ಲದ ಅಂಕಿ ಅವರ ಕಿವಿಗೆ ಬೀಳುವುದೇ ಇಲ್ಲ, ಹುಡುಗನೊಬ್ಬ ತನ್ನ ವಯಸ್ಸು ಹದಿನಾಲ್ಕು ಎಂದರೆ, "ಹದಿನಾಲ್ಕು ಏನ್ಲೇ, ಕಿಲೋನೋ ಲೀಟರೋ?" ಎನ್ನುತ್ತಾರೆ. "ನನ್ನ ಕ್ಲಾಸಿನ್ಯಾಗ ಗಂಡು ಹೆಣ್ಣು ಭೇದ ಇಲ್ರೀ" ಎಂಬುದು ಅವರ ಖಾಯಂ ಮಾತು. ಆದರೆ ಪ್ರಯೋಗದ ವೇಳೆ ಉಪಕರಣ ಹುಡುಗರ ಕೈಗೂ ದಾಖಲೆ ಪುಸ್ತಕ ಹುಡುಗಿಯರ ಕೈಗೂ ಹೋಗುತ್ತಿತ್ತು. "ಬ್ರಾಹ್ಮಿ, ನಿನ್ನ ಅಕ್ಷರ ದುಂಡಗ ಅದಾವು, ನೀ ಬರಿಯವ್ವಾ" ಎಂದು ಬ್ರಾಹ್ಮಿ ಎಂಬ ಹುಡುಗಿಯನ್ನು ಮನಸಾರೆ ಹೊಗಳುತ್ತಿದ್ದರು. ಎರಡು ವರ್ಷ ಬರೆದ ಬ್ರಾಹ್ಮಿ ಒಮ್ಮೆ, "ಸರ್, ವೈರ್ ನಾನೂ ಜೋಡಿಸಿ ನೋಡ್ಲೇನ್ರೀ?" ಎಂದಾಗಲೂ, "ಮೊದಲ ಬರದು ಮುಗಸವ್ವಾ" ಎಂದರು. ಆಮೇಲೆ ಜಮಖಂಡಿಯಲ್ಲಿ ಶಿಕ್ಷಕರಿಗೆ ಲಿಂಗ ಸಮಾನತೆಯ ತರಬೇತಿ ನಡೆಯಿತು. ಉಪಕರಣವನ್ನು ಯಾರು ಎಷ್ಟು ಸಲ ಮುಟ್ಟುತ್ತಾರೆ, ಒಂದು ವಾರ ಎಣಿಸಿ ತನ್ನಿರಿ ಎಂದರು ತರಬೇತಿ ಕೊಡುವವರು. ಮರುವಾರ ಉಳಿದ ಶಿಕ್ಷಕರೆಲ್ಲ "ಸಮಸಮ ಐತ್ರೀ" ಎಂದು ಹೇಳಿ ಕುಳಿತರು. ಗೀಟು ಹಾಕಿ ಎಣಿಸಿದ್ದ ಮಾಸ್ತರರು ಎದ್ದು ನಿಂತು, ಕನ್ನಡಕ ಒರೆಸಿಕೊಂಡು, ಏಕಮಾನ ಸಮೇತ ಓದಿದರು: "ಹುಡುಗರು ನಲವತ್ತೊಂದು ಸಲರೀ. ಹುಡುಗ್ಯಾರು ಎರಡು ಸಲ."