ವೈನಿ ಒಬ್ಬರೇ ಇದ್ದ ಮನೆ

ನಾನು ವಕೀಲಿಕೆಯ ಕರಿಕೋಟು ಕಳಚಿಡುವುದಕ್ಕೆ ಹಿಂದಿನ ವರ್ಷದ ಮಾತು. ಡಚ್ಚರ ನಾಡಿನ ಹೇಗ್ ನಗರದ ಕಡೆಯ ಕೋರ್ಟುಗಳಲ್ಲಿ ವಲಸಿಗರ ಕೇಸು ನಡೆಸಲು ನನಗೆ ಸಮಾನರು ಇರಲಿಲ್ಲ. ಇದ್ದರೂ ಇದನ್ನು ಬರೆಯುತ್ತಿರುವವನು ನಾನು, ಅವರಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ವೂರ್‌ಬರ್ಗ್‌ನ ನನ್ನ ಆಫೀಸಿಗೆ ಫೋನ್ ಬಂತು. ಗದಗ ಕಡೆಯ ಎಂಜಿನಿಯರ್ ಮಲ್ಲಿಕಾರ್ಜುನನನ್ನು ಪೊಲೀಸರು ಬಂಧನ ಕೇಂದ್ರಕ್ಕೆ ಹಾಕಿದ್ದರು. ಕೆಲಸ ಹೋಗಿ ಅವನ ವಾಸದ ಪರ್ಮಿಟ್ ಮುಗಿದಿತ್ತು. ಹೊಸ ಕೆಲಸ ಸಿಕ್ಕರೂ ಹೊಸ ಪರ್ಮಿಟ್‌ನ ಅರ್ಜಿ ತಿರಸ್ಕಾರವಾಗಿ, ಮೇಲ್ಮನವಿ ಬಾಕಿ ಇತ್ತು. ಇಂಥ ಬಂಧನಕ್ಕೆ ಇಲ್ಲಿ 'ಬೆವಾರಿಂಗ್' ಎನ್ನುತ್ತಾರೆ. ಕಾಗದದ ಮೇಲೆ ಅದು ಶಿಕ್ಷೆಯಲ್ಲ, ದೇಶದಿಂದ ಕಳಿಸುವವರೆಗೆ ಮನುಷ್ಯ ತಪ್ಪಿಸಿಕೊಳ್ಳದಂತೆ ಕೂಡಿಡುವುದು. ಬೀಗ ಮಾತ್ರ ಜೈಲಿನದೇ. ಮೇಲ್ಮನವಿ ತೀರುವ ಮೊದಲೇ ವಿಮಾನ ಹತ್ತಿಸಿದರೆ ಹೊಸ ಕೆಲಸ ಕೈತಪ್ಪುತ್ತಿತ್ತು, ಯುರೋಪಿಗೆ ಮತ್ತೆ ಕಾಲಿಡಲು ವರ್ಷಗಟ್ಟಲೆ ನಿಷೇಧವೂ ಬೀಳುತ್ತಿತ್ತು.

ಪೊಲೀಸರ ವಾದ ಸರಳ. ಹೂಫ್‌ಡಾರ್ಪ್‌ನಲ್ಲಿ ದೊಡ್ಡಪ್ಪನ ಮಗ ಶಿವಾನಂದನ ಮನೆಯಲ್ಲಿದ್ದೇನೆ ಎಂದು ಅವನು ವಿಳಾಸ ಕೊಟ್ಟಿದ್ದ. ಬೆಳಗಾಗುವ ಮೊದಲು ಹಲವು ಸಲ ಬಾಗಿಲು ತಟ್ಟಿದರೂ ಅವನು ಅಲ್ಲಿರಲಿಲ್ಲ. ಕೊನೆಗೆ ಬಾಡ್‌ಹೂವೆಡಾರ್ಪ್‌ನ ಗೆಳೆಯನ ರೂಮಿನಲ್ಲಿ ಸಿಕ್ಕ. ಆದ್ದರಿಂದ ವಿಳಾಸ ಸುಳ್ಳು, ಆಸಾಮಿ ಓಡಿಹೋಗುವವನು.

"ಯಾಕಪ್ಪಾ ಅಲ್ಲಿ ಮಲಗಿದ್ದೆ?" ಎಂದು ಕೇಂದ್ರದಲ್ಲಿ ಕೇಳಿದೆ. ಅವನು ಮಾತು ತಿರುಗಿಸಿ ವಿಚಾರಣೆ ಯಾವಾಗ ಎಂದು ಕೇಳಿದ.

"ಹುಡುಗಿ ವಿಷಯಾನಾ? ಹೇಳು, ನಾನೇ ಓಡಾಡಿ ಮದುವೆ ಮಾಡಿಸ್ತೀನಿ."

"ಚಾಷ್ಟಿ ಮಾಡಬ್ಯಾಡ್ರಿ ಸರ. ಅದೊಂದು ಕೇಳಬ್ಯಾಡ್ರಿ."

ಶಿವಾನಂದನ ಹೆಂಡತಿ ಸುವರ್ಣಾಗೆ ಫೋನ್ ಮಾಡಿದೆ. ಗಂಡ ಆಫೀಸಿನ ಟೂರಿನಲ್ಲಿದ್ದಾನೆ, ವಿಚಾರಣೆಯ ಹಿಂದಿನ ರಾತ್ರಿ ಬರುತ್ತಾನೆ ಎಂದಳು. ನನ್ನ ತಲೆಯಲ್ಲಿ ದೀಪ ಹೊತ್ತಿತು. "ಅಂದ್ರೆ ಅಷ್ಟು ದಿನವೂ ನೀವೊಬ್ಬರೇ ಇದ್ರಾ?"

"ಹೌದ್ರೀ. ಮಲ್ಲು ಸಂಜಿಕ್ಕ ಬಂದು ಉಂಡು ಹೋಗ್ತಿದ್ದ. ಅಣ್ಣ ಇಲ್ಲದಾಗ ವೈನಿ ಒಬ್ಬಾಕಿನ ಇರೋ ಮನ್ಯಾಗ ಅಂವ ಹ್ಯಾಂಗ ಮಲಗ್ತಾನ್ರಿ? ಪೊಲೀಸರು ಬಂದಾಗ ಇಲ್ಲಿಲ್ಲ ಅಂದೆ, ಯಾಕಂತ ಅವರು ಕೇಳಲಿಲ್ಲ."

ಅಣ್ಣನ ಹೆಂಡತಿಯ ಮರ್ಯಾದೆಗೆ ಗೆಳೆಯನ ರೂಮಿನ ನೆಲ ಹಿಡಿದವನನ್ನು ಸರ್ಕಾರ ಪರಾರಿ ಎಂದು ಬರೆದುಕೊಂಡಿತ್ತು! ಕುಣಿಯುತ್ತಾ ಮಲ್ಲಿಕಾರ್ಜುನನ ಬಳಿ ಹೋದರೆ ಅವನು ಕೈಮುಗಿದ. "ವೈನಿ ಮಾತು ಕೋರ್ಟಿನಾಗ ಎತ್ತಬ್ಯಾಡ್ರಿ. ಮಂದಿ ಏನೇನೋ ಆಡಿಕೋತಾರ. ಬೇಕಾದ್ರ ನಾ ಒಳಗ ಇರ್ತೀನಿ."

ಕಕ್ಷಿದಾರ ಬೇಡವೆಂದರೆ ವಕೀಲ ಬಾಯಿ ಬಿಡುವಂತಿಲ್ಲ. "ನಾನು ಒಂದಕ್ಷರ ಎತ್ತಲ್ಲ" ಎಂದೆ. ಮನೆಯ ವಿಳಾಸಕ್ಕೆ ಸಾಕ್ಷಿ ಹೇಳಲು ಸುವರ್ಣಾಳನ್ನು ಕರೆಸುತ್ತೇನೆ ಎಂದೆ. ಅದಕ್ಕೆ ಒಪ್ಪಿದ. ಅವನು ಹೀಗೆ ಬೇಡವೆಂದದ್ದನ್ನು ಸುವರ್ಣಾಳಿಂದಲೂ ಮುಚ್ಚಿಡಲಿಲ್ಲ.

ಕೋರ್ಟಿನಲ್ಲಿ ಸರ್ಕಾರದ ಯುವ ವಕೀಲನಿಗೆ "ಸೋಲ್ತೀಯ, ಈಗಲೇ ಕಾಫಿ ಕೊಡಿಸು" ಎಂದು ಚುಡಾಯಿಸಿದೆ. ಆದರೆ ನನ್ನ ಕೈಯಲ್ಲಿದ್ದದ್ದು ಬಾಯಿ ಬಿಡದ ಕಕ್ಷಿದಾರ, ಮತ್ತು ಮೊದಲ ಸಲ ಕೋರ್ಟು ಕಂಡ ಸಾಕ್ಷಿ.

"ಆ ಮನೆಯಲ್ಲಿ ಅವನು ಮಲಗುತ್ತಿರಲಿಲ್ಲ. ಹಾಗಾದರೆ ಅದು ಅವನ ಮನೆ ಹೇಗಾಯಿತು?" ಎಂದ ಸರ್ಕಾರದ ವಕೀಲ. ನ್ಯಾಯಾಧೀಶೆ ನನ್ನತ್ತ ನೋಡಿದರು. ನಾನು ಸುಮ್ಮನಿದ್ದೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ನನ್ನ ವೃತ್ತಿಯಲ್ಲೇ ಮೊದಲು.

ಸುವರ್ಣಾ ಎದ್ದು ನಿಂತಳು.

"ವೈನೀ, ಬ್ಯಾಡ್ರಿ," ಎಂದ ಮಲ್ಲಿಕಾರ್ಜುನ.

"ನೀ ಸುಮ್ನ ಕೂಡೋ! ನನ್ನ ಮರ್ಯಾದಿ ಕಾಯಾಕ ನೀ ಜೈಲಿನಾಗ ಕೂತ್ರ, ಅದು ನನಗ ಮರ್ಯಾದಿ ಏನು?" ಎಂದು ಗದರಿ, ಎಲ್ಲವನ್ನೂ ಹೇಳಿದಳು. ದುಭಾಷಿ ಒಂದೊಂದೇ ಮಾತನ್ನು ಡಚ್ಚಿಗೆ ತಿರುಗಿಸಿದರು.

ನ್ಯಾಯಾಧೀಶೆ ಅದನ್ನು ಬರೆದುಕೊಂಡರು. ಆಮೇಲೆ ಒಂದೇ ಪ್ರಶ್ನೆ: "ನಿಮ್ಮ ಗಂಡ ಈಗ ಎಲ್ಲಿದ್ದಾರೆ?"

"ನಿನ್ನೆ ರಾತ್ರಿ ಬಂದಾರ್ರಿ. ಹೊರಗ ಕಾರಿನಾಗ ಕೂತಾರ."

"ಹಾಗಾದರೆ ಇವರು ಇಂದು ರಾತ್ರಿ ಅಲ್ಲೇ ಮಲಗಬಹುದು."

ತೀರ್ಪು ಅಲ್ಲೇ ಬಂತು. ಬಂಧನ ರದ್ದು. ಅದರ ಬದಲು ಹಗುರ ಕ್ರಮ: ವಾರಕ್ಕೊಮ್ಮೆ ಪೊಲೀಸರ ಮುಂದೆ ಹಾಜರಿ, ಬೇರೆಡೆ ಮಲಗುವುದಿದ್ದರೆ ಮೊದಲೇ ತಿಳಿಸಬೇಕು. ಮೇಲ್ಮನವಿ ತೀರುವವರೆಗೆ ಮಲ್ಲಿಕಾರ್ಜುನ ಹೊರಗೇ ಇರಬಹುದಾಗಿತ್ತು.

ಹೊರಬಂದಾಗ ಸುವರ್ಣಾ ಮೈದುನನಿಗೆ ಹೇಳಿದಳು: "ಇನ್ನ ನಿಮ್ಮಣ್ಣ ಟೂರಿಗೆ ಹೊಂಟ್ರ ಪೊಲೀಸರಿಗೆ ನಾನ ಫೋನ್ ಮಾಡ್ತೀನಿ." ಅವನು ಅಂದು ಮೊದಲ ಸಲ ನಕ್ಕ.

ಕಾನೂನು ಬಲ್ಲವನೆಂದು ಜಂಬ ಕೊಚ್ಚುವ ನಾನು ಆ ಕೇಸಿನಿಂದ ಒಂದು ಪಾಠ ಕಲಿತೆ. ಮನುಷ್ಯ ಎಲ್ಲಿ ಮಲಗಿದ ಎಂದಷ್ಟೇ ಸರ್ಕಾರ ಕೇಳುತ್ತದೆ. ಇನ್ನೊಂದು ಕಡೆ ಯಾಕೆ ಮಲಗಲಿಲ್ಲ ಎಂದು ಕೇಳುವುದು ವಕೀಲನ ಕೆಲಸ. ಕೇಳಿದ ಮೇಲೆ, ಉತ್ತರ ಹೇಳಬೇಕಾದವರು ಎದ್ದು ನಿಲ್ಲುವವರೆಗೆ ಬಾಯಿ ಮುಚ್ಚಿಕೊಂಡು ಕೂರುವುದೂ ಅವನದೇ ಕೆಲಸ. ಅದು ಎಷ್ಟು ಕಷ್ಟವೆಂದು ನನ್ನ ಹೆಂಡತಿಯನ್ನು ಕೇಳಿ.